ಮಗಳ ಮದುವೆಗೆ ನಾವೂ ನೆಂಟರಾ?

(ಗೋಪ್ಯತೆಗಾಗಿ ಊರು, ಉದ್ಯೋಗ ಮತ್ತು ಕೆಲವು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಎರಡೂ ಮನೆಯವರ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆಂದು ಮೊದಲು ನನ್ನ ಬಳಿ ಬಂದವರು ತಾಯಿ. ವಯಸ್ಸು 58, ತವರು ಕಾಸರಗೋಡು, ಮದುವೆಯಾದ ಮೇಲೆ ಮೈಸೂರು. ನಿದ್ದೆ ಬರುತ್ತಿಲ್ಲ, ಬಿ.ಪಿ. ಏರಿದೆ, ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಒಬ್ಬಳೇ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿಯ ಯಹೂದಿ ಹುಡುಗನನ್ನು ಮದುವೆಯಾಗುವವಳಿದ್ದಾಳೆ. ಹುಡುಗನ ಬಗ್ಗೆ ತಕರಾರಿಲ್ಲ ಎಂದು ಆಕೆ ಮತ್ತೆ ಮತ್ತೆ ಹೇಳಿದರು. ಆಮೇಲೆ ಮೊಬೈಲ್ ತೆಗೆದು ವೆಡ್ಡಿಂಗ್ ಪ್ಲ್ಯಾನರ್ ಕಳಿಸಿದ್ದ ಪಿಡಿಎಫ್ ತೋರಿಸಿದರು.

ಡಿಸೆಂಬರ್ ಕೊನೆಯ ವಾರ, ಕೊಚ್ಚಿಯಲ್ಲಿ ಮೂರು ದಿನ. ಶುಕ್ರವಾರ ಸಂಜೆ ದೋಣಿಯಲ್ಲಿ ಪಾರ್ಟಿ. ಶನಿವಾರ ಬೆಳಿಗ್ಗೆ ಯೋಗ, ಆಮೇಲೆ ಮಟ್ಟಂಚೇರಿಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡುವುದು, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಚೀನೀ ಬಲೆಗಳು ಕಾಣುವ ಹುಲ್ಲುಹಾಸಿನ ಮೇಲೆ ಮದುವೆ. ಭಾನುವಾರ ಬ್ರಂಚ್. ಎಲ್ಲಕ್ಕೂ ದಂತದ ಬಿಳುಪು ಮತ್ತು ತಿಳಿಹಸಿರು ಬಣ್ಣ, ಪ್ರತಿ ಹೊತ್ತಿಗೂ ಒಂದು ಡ್ರೆಸ್ ಕೋಡ್. ಪುಟದ ಮೇಲೆ ಪುಟ ತಿರುವಿದರೂ ವಧುವಿನ ತಂದೆತಾಯಿಯ ಹೆಸರು ಇದ್ದದ್ದು ಒಂದೇ ಕಡೆ, ವಿಮಾನ ನಿಲ್ದಾಣದಿಂದ ಯಾರನ್ನು ಯಾವ ಕಾರಿನಲ್ಲಿ ಕರೆತರಬೇಕೆಂಬ ಪಟ್ಟಿಯಲ್ಲಿ. ‘ಮಗಳ ಮದುವೆಗೆ ನಾವೂ ನೆಂಟರಾ, ನೀವೇ ಹೇಳಿ’ ಎಂದು ಆಕೆ ಕಣ್ಣೊರೆಸಿಕೊಂಡರು.

ಮಗಳೊಂದಿಗೆ ವಿಡಿಯೋ ಕರೆಯಲ್ಲಿ ಮಾತಾಡಿದಾಗ ಅವಳು ಹೇಳಿದ್ದು ಇದು: ‘ಅಮ್ಮ ಜೀವಮಾನವೆಲ್ಲ ಊರಿನವರ ಮದುವೆಗಳಲ್ಲಿ ಅಡುಗೆಮನೆಯಲ್ಲೇ ನಿಂತಿದ್ದಾಳೆ. ನನ್ನ ಮದುವೆಯಲ್ಲಾದರೂ ಕೂತು ನೋಡಲಿ ಅಂತಲೇ ಎಲ್ಲ ಪ್ಲ್ಯಾನರ್‌ಗೆ ವಹಿಸಿದ್ದು.’ ಮಗಳು ಪ್ರೀತಿಯಿಂದ ಇಳಿಸಿದ ಭಾರವನ್ನು ತಾಯಿ ತನ್ನಿಂದ ಕಿತ್ತುಕೊಂಡ ಸ್ಥಾನ ಎಂದು ತಿಳಿದಿದ್ದರು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಜಗಳವೆಲ್ಲ ಬಣ್ಣದ ಮೇಲೆ, ಊಟದ ಮೇಲೆ, ತಾಯಿ ಆಗಲೇ ತಂದಿಟ್ಟಿದ್ದ ಕುಂಕುಮ ಬಣ್ಣದ ರೇಷ್ಮೆ ಸೀರೆ ಡ್ರೆಸ್ ಕೋಡಿಗೆ ಒಗ್ಗುವುದಿಲ್ಲ ಎಂಬ ಮಾತಿನ ಮೇಲೆ ನಡೆಯುತ್ತಿತ್ತು.

ಕೊಚ್ಚಿಯೇ ಏಕೆ ಎಂಬುದಕ್ಕೆ ಗಟ್ಟಿಯಾದ ಕಾರಣವಿತ್ತು. ಹುಡುಗನ ಅಜ್ಜಿ ಹುಟ್ಟಿದ್ದು ಎರ್ನಾಕುಲಂನಲ್ಲಿ. 1950ರ ದಶಕದಲ್ಲಿ ಕೇರಳದ ಯಹೂದಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟಾಗ ಅವರೂ ಹುಡುಗಿಯಾಗಿದ್ದಾಗಲೇ ಹೊರಟವರು. ಮಗ ಅಮೆರಿಕಕ್ಕೆ ಹೋಗಿ ನೆಲೆಸಿದ, ಮಗಳು ಇಸ್ರೇಲಿನಲ್ಲೇ ಉಳಿದಳು. ಎಂಬತ್ತು ದಾಟಿದ ಅಜ್ಜಿಗೆ ಹುಟ್ಟಿದೂರನ್ನು ಇನ್ನೊಮ್ಮೆ ತೋರಿಸಬೇಕೆಂಬುದು ಮೊಮ್ಮಗನ ಆಸೆ. ಅಷ್ಟು ತುಂಬಿದ ಕಾರಣವಿದ್ದರೂ ಪಿಡಿಎಫ್‌ನಲ್ಲಿ ಅಜ್ಜಿಗೆಂದು ಒಂದು ಗಂಟೆಯೂ ಇರಲಿಲ್ಲ.

ಅಷ್ಟರಲ್ಲಿ ಹುಡುಗ ಹುಡುಗಿಯ ನಡುವೆಯೂ ಮಾತು ಕೆಟ್ಟಿತು. ಅಮೆರಿಕದಿಂದ ಬರಲು ಒಪ್ಪಿದ್ದ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಶನಿವಾರ ಸಂಜೆಯ ಮದುವೆ ಮಾಡಿಸುವುದಿಲ್ಲ ಎಂದರು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ ಮದುವೆ ಇಲ್ಲ. ಇಲ್ಲಿ ಹುಡುಗಿಯ ತಂದೆ ಡಿಸೆಂಬರ್ 16ರಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಆಗ ಧಾರೆ ಎರೆಯುವ ಮಾತೇ ಬೇಡ ಎಂದರು. ‘ನಿಮ್ಮಪ್ಪನ ಪಂಚಾಂಗ’, ‘ನಿಮ್ಮ ರಬ್ಬಿಯ ಹಟ’ ಎಂಬ ಮಾತುಗಳು ಹಾರಾಡಿದವು. ನಾನು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎರಡು ಕ್ಯಾಲೆಂಡರುಗಳನ್ನೂ ಒಂದೇ ಹಾಳೆಯ ಮೇಲೆ ಬರೆಸಿದೆ. ಪಾಸೋವರ್ ಮತ್ತು ಶಾವುವೋತ್ ಹಬ್ಬಗಳ ನಡುವಿನ ವಾರಗಳಲ್ಲಿ ಸಂಪ್ರದಾಯಸ್ಥ ಯಹೂದಿಗಳು ಹೆಚ್ಚಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ, ಜೆರುಸಲೇಮಿನ ದೇವಾಲಯದ ನಾಶಕ್ಕೆ ಶೋಕ ಆಚರಿಸುವ ಮೂರು ವಾರವೂ ಇಲ್ಲ. ಅದು ನಮ್ಮ ಆಷಾಢದ ಆಸುಪಾಸಿಗೇ ಬೀಳುತ್ತದೆ. ಮಂಗಳವಾರ ಅವರಿಗೆ ಬಲು ಒಳ್ಳೆಯ ದಿನ, ನಮ್ಮ ಮನೆಗಳಲ್ಲಿ ಮದುವೆಗೆ ಬೇಡವಾದ ದಿನ. ಹೀಗೆ ಹೊಡೆದುಹಾಕುತ್ತ ಹೋದಾಗ ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಉಳಿಯಿತು. ಅದನ್ನು ಆರಿಸಿದ್ದು ಅವರೇ. ಎರಡೂ ಮನೆಯ ಹಿರಿಯರು ಹಟಮಾರಿಗಳಲ್ಲ, ಇಬ್ಬರಿಗೂ ಹೊತ್ತೆಂದರೆ ಪವಿತ್ರ ಎಂಬುದು ಆ ಹಾಳೆ ನೋಡಿದ ಮೇಲೆ ಅವರಿಗೆ ಕಂಡಿತು. ರಜೆ ಸಿಗದ ಕೆಲವು ಗೆಳೆಯರು ತಪ್ಪಿಹೋದರು. ಆ ಬೆಲೆ ಕೊಡಬೇಕಾಯಿತು.

ನಾನು ಕೊಟ್ಟ ಸಲಹೆಯ ಸಾರ ಇಷ್ಟು: ಮೊದಲು ಜನರ ಪಟ್ಟಿ ಮಾಡಿ, ಪ್ರತಿಯೊಬ್ಬರ ಎದುರಿಗೆ ಅವರಿಂದ ಆಗದ್ದನ್ನು ಬರೆಯಿರಿ, ಆಮೇಲೆ ಹೊತ್ತು ಹಂಚಿ, ಅಲಂಕಾರ ಕೊನೆಗೆ. ಮತ್ತು ಪ್ರತಿ ಹೊತ್ತಿಗೂ ಒಬ್ಬರನ್ನು ಯಜಮಾನರನ್ನಾಗಿ ಮಾಡಿ. ಮದುವೆ ಯಾರದೆಂದು ಜಗಳವಾಡಿದರೆ ಅದು ಮುಗಿಯುವುದೇ ಇಲ್ಲ. ಯಾವ ಹೊತ್ತು ಯಾರ ಸುಪರ್ದಿ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಪಟ್ಟಿ ಬರೆದಾಗ ಎಷ್ಟೋ ಸಂಗತಿಗಳು ತಾವಾಗಿ ಹೊರಬಿದ್ದವು. ಅಮೆರಿಕದಿಂದ ಬರುವವರಿಗೆ ಕೊಚ್ಚಿಗೆ ನೇರ ವಿಮಾನವಿಲ್ಲ. ದೋಹಾದಲ್ಲೋ ದುಬೈಯಲ್ಲೋ ಇಳಿದು ಹತ್ತಿ, ವಿಮಾನ ನಿಲ್ದಾಣವಿರುವ ನೆಡುಂಬಾಶ್ಶೇರಿಯಿಂದ ಫೋರ್ಟ್ ಕೊಚ್ಚಿಗೆ ಮತ್ತೆ 40 ಕಿಲೋಮೀಟರ್. ಅಂಥವರನ್ನು ಇಳಿದ ಸಂಜೆಯೇ ದೋಣಿ ಹತ್ತಿಸುವುದು ಸತ್ಕಾರವಲ್ಲ. ಇ-ವೀಸಾದ ಸೂಚನೆಯನ್ನು ಆಮಂತ್ರಣದ ಜೊತೆಗೇ ಕಳಿಸಿ ಎಂದೆ. ಇಸ್ರೇಲಿನಲ್ಲಿರುವ ಹುಡುಗನ ಸೋದರತ್ತೆ (ಅಜ್ಜಿಯ ಮಗಳು) ಶಬ್ಬಾತ್ ಕಟ್ಟುನಿಟ್ಟಾಗಿ ಪಾಲಿಸುವವರು: ಆ ಹೊತ್ತಿನಲ್ಲಿ ವಾಹನ ಹತ್ತುವುದಿಲ್ಲ, ಲಿಫ್ಟ್ ಗುಂಡಿ ಒತ್ತುವುದಿಲ್ಲ, ಎಲೆಕ್ಟ್ರಾನಿಕ್ ಕಾರ್ಡಿನಿಂದ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಅವರಿಗೆ ನೆಲಮಹಡಿಯ ಕೋಣೆ, ಕಬ್ಬಿಣದ ಬೀಗದಕೈ, ಊಟದ ಜಾಗಕ್ಕೆ ನಡೆದು ಹೋಗುವಷ್ಟೇ ದೂರ. ಇದನ್ನೆಲ್ಲ ಹೋಟೆಲಿಗೆ ಮೊದಲೇ ಬರೆದು ತಿಳಿಸಬೇಕು, ಕೌಂಟರಿನಲ್ಲಿ ನಿಂತು ವಿವರಿಸುವ ಸ್ಥಿತಿ ಹಿರಿಯರಿಗೆ ಬರಬಾರದು. ಶನಿವಾರ ಬೆಳಿಗ್ಗೆ ಇಟ್ಟಿದ್ದ ಸಿನಗಾಗ್ ದರ್ಶನವಂತೂ ಸಾಧ್ಯವೇ ಇರಲಿಲ್ಲ. 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಅಂದು ಸಂದರ್ಶಕರಿಗೆ ತೆರೆದಿರುವುದಿಲ್ಲ. ಅದನ್ನು ಶುಕ್ರವಾರ ಬೆಳಿಗ್ಗೆಗೆ ಬದಲಿಸಿದರು. ಚಪ್ಪಲಿ ಹೊರಗೆ ಬಿಟ್ಟು ಆ ನೀಲಿ-ಬಿಳಿ ಚೀನೀ ಹಾಸುಬಿಲ್ಲೆಗಳ ಮೇಲೆ ಬರಿಗಾಲಲ್ಲಿ ನಡೆಯಬೇಕೆಂದು ತಿಳಿದು ಹುಡುಗಿಯ ತಂದೆಗೆ ಒಂದು ಬಗೆಯ ನೆಮ್ಮದಿಯಾಯಿತು.

ಕಾನೂನಿನ ವಿಷಯ ಬೇಗ ತೀರ್ಮಾನವಾಯಿತು. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಲ್ಲಿ ನೋಂದಾಯಿಸಬೇಕಾದರೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು. ಅಷ್ಟು ರಜೆ ಇಬ್ಬರಿಗೂ ಇರಲಿಲ್ಲ. ನ್ಯೂಜೆರ್ಸಿಯಲ್ಲೇ ನೋಂದಣಿ ಮುಗಿಸಿ ಬರುವುದೆಂದಾಯಿತು. ಆದರೆ ಇದನ್ನು ಅಪ್ಪನಿಗೆ ನೀನೇ ಹೇಳು, ಆಗುವ ಮೊದಲೇ ಹೇಳು ಎಂದು ಮಗಳಿಗೆ ಒತ್ತಿ ಹೇಳಿದೆ. ಬೇರೆಯವರ ಬಾಯಿಂದ ಕೇಳಿದ್ದರೆ ತಮ್ಮನ್ನು ಬಿಟ್ಟು ಮದುವೆ ಆಗಿಹೋಯಿತು ಎಂದೇ ಅವರು ತಿಳಿಯುತ್ತಿದ್ದರು.

ಧಾರೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾಗಿತ್ತು. ಒಂದೇ ಮಂಟಪದಲ್ಲಿ ಎರಡೂ ಆಗಲಿ, ಸಪ್ತಪದಿಯ ಏಳು ಹೆಜ್ಜೆ, ಯಹೂದಿ ಮದುವೆಯ ಏಳು ಆಶೀರ್ವಾದ ಎರಡನ್ನೂ ಹೆಣೆಯೋಣ, ತಾಯಿಯ ಧಾರೆ ಸೀರೆಯನ್ನೇ ಹುಪ್ಪಾದ ಮೇಲ್ಕಟ್ಟು ಮಾಡೋಣ ಎಂದು ಪ್ಲ್ಯಾನರ್ ಸೂಚಿಸಿದ್ದರು. ನಾಲ್ಕು ಕಂಬಗಳ ಮೇಲೆ ಬಟ್ಟೆ ಹರಡಿದ ಹುಪ್ಪಾದ ಕೆಳಗೆ ಯಹೂದಿ ವಿವಾಹ ನಡೆಯುತ್ತದೆ. ಕೇಳಲು ಚೆಂದದ ಯೋಚನೆ. ತಾಯಿ ಬೇಡ ಎಂದರು, ನಾನು ಅವರ ಪಕ್ಕ ನಿಂತೆ. ಆ ಸೀರೆಯನ್ನು ಆಕೆ ಮಗಳಿಗೆ ಉಡಿಸಬೇಕೆಂದು ಎತ್ತಿಟ್ಟಿದ್ದರು, ಫೋಟೋಗೆ ಹಿನ್ನೆಲೆಯಾಗಲಿ ಎಂದಲ್ಲ. ಇನ್ನೊಂದು ಧರ್ಮದ ಪುರೋಹಿತರ ಜೊತೆ ಸೇರಿ ವಿಧಿ ನಡೆಸಲು ರಬ್ಬಿಯೂ ಸಿದ್ಧರಿರಲಿಲ್ಲ. ಅವರು ಯಹೂದಿಗಳಲ್ಲಿ ಉದಾರವಾದಿಯಾದ ರಿಫಾರ್ಮ್ ಪಂಥದವರಾದ್ದರಿಂದ ಅಂತರ್ಧರ್ಮೀಯ ಮದುವೆಗೆ ಒಪ್ಪಿದ್ದೇ ದೊಡ್ಡದು. ಆ ಪಂಥದಲ್ಲಿ ಇದು ರಬ್ಬಿಯ ಸ್ವಂತ ವಿವೇಚನೆಗೆ ಬಿಟ್ಟದ್ದು; ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ರಬ್ಬಿಗಳಿಗೆ ಅದಕ್ಕೆ ಅವಕಾಶವಿಲ್ಲ. ಎರಡು ವಿಧಿಗಳನ್ನು ಬೆರೆಸಿ ಎರಡನ್ನೂ ತೆಳುವಾಗಿಸುವುದಕ್ಕಿಂತ ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ನಡೆಸಿ ಎಂದು ನಾನು ಹೇಳಿದೆ. ಬುಧವಾರ ಬೆಳಿಗ್ಗೆ ಮೈಸೂರಿನ ಮನೆಯಲ್ಲಿ ಹತ್ತಿರದವರ ಮುಂದೆ ಧಾರೆ, ಭಾನುವಾರ ಕೊಚ್ಚಿಯಲ್ಲಿ ಹುಪ್ಪಾ.

ಯಹೂದಿ ಮದುವೆಯಲ್ಲಿ ಕನ್ಯೆಯನ್ನು ತಂದೆಯೊಬ್ಬನೇ ಕರೆತರುವುದಲ್ಲ, ಎರಡೂ ಕಡೆಯ ತಂದೆತಾಯಿ ಮಕ್ಕಳ ಜೊತೆ ಹುಪ್ಪಾದವರೆಗೆ ನಡೆದು ಬರುವ ರೂಢಿಯಿದೆ ಎಂದು ಹುಡುಗ ಇವರಿಗೆ ಹೇಳಿರಲೇ ಇಲ್ಲ. ಅವನಿಗೆ ಅದು ಹೇಳಬೇಕಾದ ವಿಷಯವೆಂದೇ ಅನಿಸಿರಲಿಲ್ಲ. ನನ್ನ ಕೋಣೆಯಲ್ಲಿ ಅದನ್ನು ಕೇಳಿದಾಗ ತಾಯಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ‘ಹಾಗಾದರೆ ಆ ಸೀರೆ ಉಡಬಹುದು’ ಎಂದರು. ಡ್ರೆಸ್ ಕೋಡ್ ಅಂದೇ ಹೋಯಿತು.

ಊಟದ ವಿಷಯಕ್ಕೆ ಬಂದರೆ, ಆಕೆಗೆ ಆದ ನೋವು ಇದು: ‘ನಮ್ಮ ಅಡುಗೆಮನೆಗೆ ಮೊಟ್ಟೆಯೂ ಬಂದಿಲ್ಲ, ನಮ್ಮ ಅಡುಗೆ ಅವರಿಗೆ ಶುದ್ಧವಲ್ಲವಂತೆ.’ ಯಹೂದಿಗಳ ಆಹಾರನಿಯಮವಾದ ಕೋಶರ್ ಎಂದರೆ ಮಾಂಸವಿಲ್ಲ ಎಂದಷ್ಟೇ ಅಲ್ಲ. ಪಾತ್ರೆ ಹಿಂದೆ ಏನು ಕಂಡಿದೆ, ಒಲೆ ಯಾರು ಹಚ್ಚಿದರು, ಸೊಪ್ಪಿನಲ್ಲಿ ಹುಳ ಉಳಿದಿದೆಯೇ, ಚೀಸ್ ಗಟ್ಟಿಯಾಗಲು ಏನು ಹಾಕಿದ್ದಾರೆ, ವೈನ್ ಯಾರ ಕೈದಾಟಿ ಬಂತು ಎಂಬುದೆಲ್ಲ ಸೇರುತ್ತದೆ. ಮಡಿ ಅಡುಗೆ ಮಾಡಿದ ಆಕೆಗೆ ನಿಯಮ ಅರ್ಥವಾಗಲು ಐದು ನಿಮಿಷ ಸಾಕಾಯಿತು. ಅಲ್ಲಿಯವರೆಗೆ ಅದನ್ನು ಯಾರೂ ನಿಯಮವೆಂದು ಹೇಳಿರಲಿಲ್ಲ, ‘ಅವರು ತಿನ್ನುವುದಿಲ್ಲ’ ಎಂದಷ್ಟೇ ಹೇಳಿದ್ದರು. ಶುಕ್ರವಾರ ಮಧ್ಯಾಹ್ನದ ಊಟ ಪೂರ್ತಿ ಆಕೆಯ ಸುಪರ್ದಿ ಎಂದು ಗೊತ್ತುಮಾಡಿದೆವು. ಕಟ್ಟುನಿಟ್ಟಿನವರಿಗಾಗಿ ಹೊಸ ಪಾತ್ರೆ, ಬಡಿಸಲು ಬಾಳೆಎಲೆ, ಒಲೆ ಹಚ್ಚಿ ಅಡುಗೆಗೆ ಕೈಹಾಕಲು ಅತ್ತೆಗೇ ಆಹ್ವಾನ. ಅಂದು ಇಬ್ಬರು ಹೆಂಗಸರು ಬಿಳಿ ಬಟ್ಟೆಯ ಮೇಲೆ ಹರಿವೆ ಸೊಪ್ಪನ್ನು ಒಂದೊಂದೇ ಎಲೆ ತಿರುವಿ ನೋಡುತ್ತ, ಹೂಕೋಸನ್ನು ಉಪ್ಪುನೀರಿನಿಂದ ಎತ್ತಿ ಬೆಳಕಿಗೆ ಹಿಡಿಯುತ್ತ ಕೂತಿದ್ದರೆಂದು ಮಗಳು ಆಮೇಲೆ ಹೇಳಿದಳು. ಹೂಕೋಸನ್ನು ಕೊನೆಗೆ ಅತ್ತೆ ಬೇಡವೆಂದು ಪಕ್ಕಕ್ಕಿಟ್ಟರಂತೆ, ತಾಯಿ ಬೇಸರಪಡಲಿಲ್ಲವಂತೆ.

ಈ ಅತ್ತೆ ಹುಪ್ಪಾಗೆ ಬರಲಿಲ್ಲ. ಯಹೂದಿಯಲ್ಲದ ವಧುವಿನ ಜೊತೆಗಿನ ವಿವಾಹವಿಧಿಯಲ್ಲಿ ನಿಲ್ಲಲು ಅವರ ನಂಬಿಕೆ ಒಪ್ಪಲಿಲ್ಲ. ಹುಡುಗನಿಗೆ ಇದು ಬೆಂಕಿಯಂಥ ಸಿಟ್ಟು ತಂದಿತ್ತು, ‘ಬರುವುದಿದ್ದರೆ ಎಲ್ಲಕ್ಕೂ ಬರಲಿ, ಇಲ್ಲವಾದರೆ ಬೇಡ’ ಎನ್ನುತ್ತಿದ್ದ. ಆಮಂತ್ರಣವನ್ನು ಪರೀಕ್ಷೆ ಮಾಡಬೇಡ ಎಂದು ಅವನಿಗೆ ಹೇಳಿದೆ. ಯಾವುದಕ್ಕೆ ಬರಲಾಗುತ್ತದೆ ಎಂದು ಅವರನ್ನೇ ಕೇಳು, ಅಷ್ಟಕ್ಕೆ ಮನಸಾರೆ ಕರೆ. ಉಳಿದ ನೆಂಟರಿಗೆ ವಿವರಣೆ ಕೊಡಬೇಕಿಲ್ಲ. ನಿನ್ನ ಹುಡುಗಿಯ ಎದುರು ಅವರನ್ನು ಬಯ್ಯಬೇಡ, ಬೈದರೆ ಮುಂದೆ ಅವಳು ಅವರ ಮುಖ ನೋಡಲಾಗದು. ಅತ್ತೆ ಶುಕ್ರವಾರದ ಊಟಕ್ಕೂ ಶಬ್ಬಾತ್ ಭೋಜನಕ್ಕೂ ಬಂದರು. ಶನಿವಾರ ರಾತ್ರಿ ಹೆಣೆದ ಮೇಣದಬತ್ತಿ ಹಚ್ಚಿ, ಲವಂಗದ ಪರಿಮಳ ಹಂಚಿ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾದಲ್ಲೂ ಇದ್ದರು. ಭಾನುವಾರ ಮಧ್ಯಾಹ್ನ ಹೊರಟರು. ಹುಡುಗನ ನೋವು ಇದರಿಂದ ಹೋಗಲಿಲ್ಲ, ಸಂಬಂಧ ಮಾತ್ರ ಕಡಿಯಲಿಲ್ಲ.

ಶನಿವಾರದ ಹಗಲನ್ನು ಪೂರ್ತಿ ಖಾಲಿ ಬಿಡಿಸಿದ್ದು ನನ್ನ ಹಟ. ಪ್ಲ್ಯಾನರ್ ಗಾಬರಿಯಾದರು, ಅಷ್ಟು ದೂರದಿಂದ ಬಂದವರು ಏನು ಮಾಡಬೇಕು ಎಂದು. ಮಲಗಲಿ, ಮಾತಾಡಲಿ, ಸಮುದ್ರದ ಕಡೆ ನಡೆಯಲಿ. ಪಾಲಿಸುವವರಿಗೆ ಅದು ವಿಶ್ರಾಂತಿಯ ದಿನ, ಉಳಿದವರಿಗೆ ಪ್ರಯಾಣದ ದಣಿವು ಆರುವ ದಿನ.

ಅಜ್ಜಿಗೆ ಗುರುವಾರವನ್ನೇ ಮೀಸಲಿಟ್ಟೆವು: ಮೊಮ್ಮಗನೊಬ್ಬನ ಜೊತೆ ಎರ್ನಾಕುಲಂನ ಮಾರ್ಕೆಟ್ ರಸ್ತೆಗೆ, ಬಹುಕಾಲ ಮುಂಭಾಗದಲ್ಲಿ ಗಿಡಗಳನ್ನೂ ಬಣ್ಣದ ಮೀನುಗಳನ್ನೂ ಮಾರುತ್ತಿದ್ದ ಆ ಹಳೆಯ ಕಡವುಂಭಾಗಂ ಸಿನಗಾಗ್‌ಗೆ. ಫೋಟೋಗ್ರಾಫರ್ ಬೇಡ ಎಂದೆ.

ಅದಕ್ಕೂ ಮುಂಚೆ ಒಂದು ಸಂಗತಿ ನಡೆದಿತ್ತು. ಧಾರೆಯಲ್ಲಿ ಕಟ್ಟಿದ ಮಾಂಗಲ್ಯವನ್ನು ಹುಪ್ಪಾದ ಕೆಳಗೆ ತೆಗೆದಿಡಬೇಕೇ ಎಂಬ ಪ್ರಶ್ನೆ ತಾಯಿಯನ್ನು ಕೊರೆಯುತ್ತಿತ್ತು. ಹುಪ್ಪಾದ ಕೆಳಗೆ ವಧು ಒಡವೆ ತೊಡದಿರುವ ಪದ್ಧತಿ ಕೆಲವು ಸಮುದಾಯಗಳಲ್ಲಿದೆ, ಹುಡುಗನ ತಾಯಿಯ ಕಡೆಯವರು ಅದನ್ನು ನೆನಪಿಸಿದ್ದರು. ಅಜ್ಜಿಗೆ ಮಲಯಾಳಂ ಮರೆತಿರಲಿಲ್ಲ, ಕಾಸರಗೋಡಿನ ತಾಯಿಗೆ ಅದು ಬರುತ್ತಿತ್ತು. ಮಕ್ಕಳ ಮೂಲಕ ಬೇಡ, ನೀವಿಬ್ಬರೇ ನೇರವಾಗಿ ಮಾತಾಡಿ ಎಂದು ನಾನು ಸೂಚಿಸಿದೆ. ಕೇರಳದ ಯಹೂದಿ ವಧುಗಳೂ ತಾಳಿ ಧರಿಸುತ್ತಿದ್ದರೆಂದು ಅಜ್ಜಿ ಹೇಳಿದರು. ತಮ್ಮ ತಾಯಿಯ ಕೊರಳಲ್ಲಿ ನೋಡಿದ್ದರಂತೆ. ತಾಯಿ ನನಗೆ ಫೋನ್ ಮಾಡಿ ಇದನ್ನು ಹೇಳುವಾಗ ಗಂಟಲು ಕಟ್ಟಿತ್ತು. ಆದರೂ ತೀರ್ಮಾನವನ್ನು ಮಗಳಿಗೇ ಬಿಡಿ ಎಂದೆ. ಅವಳು ತೆಗೆಯಲಿಲ್ಲ.

ಮದುವೆ ಕಳೆದ ಮೇಲೆ ತಾಯಿಯ ನಿದ್ದೆ ಸುಧಾರಿಸಿದೆ, ಬಿ.ಪಿ. ಮಾತ್ರೆಯನ್ನು ಡಾಕ್ಟರು ಹೇಳುವವರೆಗೆ ನಿಲ್ಲಿಸಬಾರದೆಂದು ಹೇಳಿದ್ದೇನೆ. ದಂಪತಿ ಈಗ ನನ್ನ ಬಳಿ ಬರುತ್ತಿರುವುದು ಹುಟ್ಟಲಿರುವ ಮಕ್ಕಳ ಧರ್ಮದ ಪ್ರಶ್ನೆಗೆ. ಸಾಂಪ್ರದಾಯಿಕ ಯಹೂದಿ ನಿಯಮದಲ್ಲಿ ಯಹೂದಿತನ ತಾಯಿಯಿಂದ ಬರುತ್ತದೆ. ಅಮೆರಿಕದ ರಿಫಾರ್ಮ್ ಪಂಥ 1983ರಿಂದ, ತಂದೆ ಮಾತ್ರ ಯಹೂದಿಯಾಗಿದ್ದರೂ ಮಗು ಯಹೂದಿಯಾಗಿ ಬೆಳೆದರೆ ಒಪ್ಪುತ್ತದೆ. ಹುಡುಗನಿಗೆ ಹಾಗೆ ಬೆಳೆಸುವ ಆಸೆ ಇದೆ. ಹುಡುಗಿ ಇನ್ನೂ ಹೂಂ ಎಂದಿಲ್ಲ. ಈ ಮಾತು ಇಬ್ಬರ ನಡುವೆ ಒಂದು ಹಂತಕ್ಕೆ ಬರುವವರೆಗೆ ಎರಡೂ ಮನೆಯ ಹಿರಿಯರ ಮುಂದೆ ಎತ್ತಬೇಡಿ ಎಂದು ಸದ್ಯಕ್ಕೆ ಹೇಳಿದ್ದೇನೆ.