ಎ5 ಫ್ಲೈಯರ್ ಸುತ್ತ ಬಿಳಿ ಬಾರ್ಡರ್ ಸಮವಾಗಿ ಬರಬೇಕಾದರೆ ಬ್ಲೀಡ್ ಎಷ್ಟು ಕೊಡಬೇಕು?

ಬಿಳಿ ಬಾರ್ಡರ್‌ಗೆ ಬ್ಲೀಡೇ, ಅಂದರೆ ಕಟ್ ಗೆರೆ ದಾಟಿ ಹೊರಗೆ ಬಿಡುವ ಹೆಚ್ಚುವರಿ ಬಣ್ಣವೇ, ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದೇ ಬ್ಲೀಡ್ ವಿಷಯಕ್ಕೆ ನಾನು ಕೈಯಿಂದ ದುಡ್ಡು ಹಾಕಿದ್ದೇನೆ. 13x19 ಇಂಚಿನ ಶೀಟಿನಲ್ಲಿ ನಾಲ್ಕು ಎ5 (ಒಂದೊಂದು 148x210 ಮಿ.ಮೀ.), ಸುತ್ತ 3 ಮಿ.ಮೀ. ಬಿಳಿ ಅಂಚು, ಡಿಜಿಟಲ್ ಪ್ರಿಂಟ್. ನಿಮ್ಮ ಲೆಕ್ಕ ಇದೇ ಅಲ್ವಾ?

ನಾನು ಶಿವಮೊಗ್ಗದಲ್ಲಿ ಡಿಟಿಪಿ ಮಾಡುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯವರು ಮಳೆಗಾಲದ ಪ್ಯಾಕೇಜಿಗೆ ಫ್ಲೈಯರ್ ಮಾಡಿಸಿದರು. ಅಡಿಕೆ ತೋಟದ ಫೋಟೋ, ಸುತ್ತ 5 ಮಿ.ಮೀ. ಬಿಳಿ. ನೋಡೋಕೆ ಚೆನ್ನಾಗಿತ್ತು. ಪ್ರಿಂಟ್ ಅಂಗಡಿಯವರು ಫೋನಿನಲ್ಲಿ "ಬ್ಲೀಡ್ ಹಾಕಿ ಕಳ್ಸಿ ಸಾರ್" ಅಂದರು. ಅವರು ಎಲ್ಲರಿಗೂ ಹಾಗೇ ಹೇಳೋದು, ಡಿಸೈನ್ ನೋಡಿ ಹೇಳಿದ್ದಲ್ಲ. ನಾನು ಏನು ಮಾಡಿದೆ ಅಂದರೆ, ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರಿನಲ್ಲಿ ಎಲ್ಲ ಗ್ರೂಪ್ ಮಾಡಿ, ಅಳತೆ ಬಾಕ್ಸಿನ ಪಕ್ಕದ ಬೀಗ ತೆಗೆದು, 148 ಇದ್ದಲ್ಲಿ 154, 210 ಇದ್ದಲ್ಲಿ 216 ಅಂತ ಹೊಡೆದು ಎಂಟರ್ ಒತ್ತಿದೆ. ಬ್ಲೀಡ್ ಬಂತು ಅಂತ ಖುಷಿ.

ಬ್ಲೀಡ್ ಎಲ್ಲಿ ಬಂತು? ಡಿಸೈನ್ ಪೂರ್ತಿ ಹಿಗ್ಗಿತು ಅಷ್ಟೇ. 5 ಮಿ.ಮೀ. ಅಂಚು 5.2 ಆಯಿತು. ಆಮೇಲೆ ಕಟಿಂಗ್‌ನವರು ಕಟ್ ಮಾರ್ಕ್ ನೋಡಿ ನಾಲ್ಕೂ ಕಡೆ 3 ಮಿ.ಮೀ. ಕತ್ತರಿಸಿ ಬಿಸಾಕಿದರು. ಉಳಿದದ್ದು 2 ಚಿಲ್ಲರೆ. ಸ್ಕ್ರೀನಿನಲ್ಲಿ ಇದು ಗೊತ್ತೇ ಆಗಲ್ಲ, ಯಾಕೆಂದರೆ ಅಲ್ಲಿ ಕತ್ತರಿಸದೇ ಇರೋ ಅಳತೆ ಕಾಣುತ್ತೆ, ಅಂಚು ಮೊದಲಿನ ಹಾಗೇ ಇದೆ ಅನ್ನಿಸುತ್ತೆ. ಬ್ಲೀಡ್ ಅಂದರೆ ಬಣ್ಣ ಮಾತ್ರ ಕಟ್ ಗೆರೆ ದಾಟಿ ಹೊರಗೆ ಹೋಗಬೇಕು. ಒಳಗಿನ ಫೋಟೋ, ಅಕ್ಷರ ಒಂದು ಕೂದಲೂ ಅಲ್ಲಾಡಬಾರದು. ನನ್ನ ಡಿಸೈನಿನಲ್ಲಿ ಅಂಚಿಗೆ ಬಣ್ಣವೇ ಇರಲಿಲ್ಲ, ಬಿಳಿ ಕಾಗದ! ಯಾವುದನ್ನು ಹೊರಗೆ ಎಳೀಬೇಕಿತ್ತು ಹೇಳಿ.

ಅದರ ಮೇಲೆ ಬ್ಲೇಡಿನ ಆಟ. ಕಟಿಂಗ್ ಮೆಷೀನಿನಲ್ಲಿ ದಪ್ಪ ಅಟ್ಟಿ ಇಟ್ಟರೆ ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಅರ್ಧ, ಒಂದು ಮಿ.ಮೀ. ವ್ಯತ್ಯಾಸ ಬರಬಹುದು. 2 ಮಿ.ಮೀ. ಅಂಚಿನಲ್ಲಿ 1 ಮಿ.ಮೀ. ಸರಿದರೆ ಒಂದು ಕಡೆ 1, ಇನ್ನೊಂದು ಕಡೆ 3. ಮಗುವಿನ ಕಣ್ಣಿಗೂ ಬೀಳುತ್ತೆ. ಹೋಂಸ್ಟೇಯವರು ಒಂದು ಕಟ್ಟು ಬಿಚ್ಚಿ ನೋಡಿ ಹಾಗೇ ವಾಪಸ್ ಕೊಟ್ಟರು. ಮರುಪ್ರಿಂಟಿನ ಖರ್ಚು ನನ್ನ ತಲೆಗೆ.

ಅದಕ್ಕೇ ಹೇಳೋದು, ನಿಮ್ಮ 3 ಮಿ.ಮೀ. ಅಂಚು ಯಾವ ಸೆಟ್ಟಿಂಗಿನಿಂದಲೂ ಸಮ ಬರಲ್ಲ. ಅದನ್ನು 8 ಮಾಡಿ. 1 ಮಿ.ಮೀ. ಸರಿದರೂ 7 ಮತ್ತು 9 ಆಗುತ್ತೆ, ಯಾರೂ ಸ್ಕೇಲ್ ಹಿಡಿದು ನೋಡಲ್ಲ. ಇಲ್ಲಾ ಅಂಚನ್ನೇ ತೆಗೆದು ಫೋಟೋನ ನಾಲ್ಕೂ ಕಡೆ ಕಟ್ ಗೆರೆ ದಾಟಿ 3 ಮಿ.ಮೀ. ಹೊರಗೆ ಬಿಡಿ. ಸಣ್ಣ ಬಿಳಿ ಗೆರೆ ಮೊಬೈಲಿನಲ್ಲಿ ಚೆಂದ ಕಾಣುತ್ತೆ ಅಂತ ಗಿರಾಕಿ ಹಟ ಹಿಡಿದರೆ, ಮಾದರಿಗೆ ಒಂದು ಹಾಳೆ ಕತ್ತರಿಸಿ ಕೈಯಲ್ಲಿ ಕೊಡಿ.

ಬಿಳಿ ಅಂಚು ಉಳಿಸಿಕೊಂಡರೆ ಶೀಟಿನಲ್ಲಿ ನಾಲ್ಕನ್ನೂ ಜಾಗ ಬಿಡದೆ ಒಂದಕ್ಕೊಂದು ತಾಗಿಸಿ ಇಡಿ, ನಡುವೆ ಒಂದೇ ಕಟ್ ಸಾಕು. 296x420 ಮಿ.ಮೀ. ಆಗುತ್ತೆ, 12x18 ಇಂಚಿನ ಶೀಟಿನಲ್ಲೂ ಕೂರುತ್ತೆ. ಫೋಟೋ ಹೊರಗೆ ಹೋಗುವುದಾದರೆ ನಡುವೆ 6 ಮಿ.ಮೀ. ಜಾಗ ಬಿಟ್ಟು ಎರಡು ಕಟ್ ಕೊಡಿಸಿ. ಆಗ ಬ್ಲೀಡ್ ಸೇರಿ 308x432, ಅದು 12x18ಕ್ಕೆ ಹಿಡಿಸಲ್ಲ, 13x19 ಬೇಕೇ ಬೇಕು. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ತೆಗೆದು ನೂರಕ್ಕೆ ನೂರು ಅಳತೆ ಇಡಿ. ಮೊದಲ ಹಾಳೆ ಬಂದ ತಕ್ಷಣ ಫೋಟೋದ ಅಗಲ ಸ್ಕೇಲಿನಲ್ಲಿ ಅಳೆಯಿರಿ. 8 ಮಿ.ಮೀ. ಅಂಚಿಗೆ ಅದು 132 ಬರಬೇಕು.

ಇಷ್ಟಾದ ಮೇಲೂ ಅಂಚು ಓರೆ ಬಂದರೆ ಸುಮ್ನೆ ಜಗಳಕ್ಕೆ ಹೋಗಬೇಡಿ. ಕತ್ತರಿಸಿದವನ್ನು ಶೀಟಿನಲ್ಲಿ ಎಲ್ಲಿದ್ದವೋ ಹಾಗೆ ಬೇರೆ ಬೇರೆ ಇಟ್ಟು ನೋಡಿ. ಎಡಗಡೆಯವುಗಳದ್ದೆಲ್ಲ ಒಂದೇ ಬದಿ ದಪ್ಪ, ಬಲಗಡೆಯವುಗಳದ್ದು ಅದರ ಪಕ್ಕದ ಬದಿ ಸಣ್ಣ ಅಂತಿದ್ದರೆ ಆ ನಡುವಿನ ಕಟ್ ಸರಿದಿದೆ. ಹಾಳೆಯಿಂದ ಹಾಳೆಗೆ ಕ್ರಮವಿಲ್ಲದೆ ಬದಲಾಗುತ್ತಿದ್ದರೆ ಪ್ರಿಂಟ್ ಮೆಷೀನ್ ಕಾಗದವನ್ನು ನೆಟ್ಟಗೆ ಎಳೆದುಕೊಳ್ಳುತ್ತಿಲ್ಲ.

ಎರಡೂ ಬದಿ ಪ್ರಿಂಟ್ ಇದ್ದರೆ ನಾಲ್ಕೂ ಸೇರಿದ ಬ್ಲಾಕ್ ಶೀಟಿನ ನಟ್ಟನಡುವೆ ಇರಲಿ. 3 ಮಿ.ಮೀ. ಪಕ್ಕಕ್ಕೆ ಇಟ್ಟರೆ ತಿರುಗಿಸಿದಾಗ ಹಿಂದುಮುಂದು 6 ಮಿ.ಮೀ. ತಪ್ಪುತ್ತೆ. ಟ್ಯೂಬ್‌ಲೈಟಿಗೆ ಹಿಡಿದರೆ ಗೊತ್ತಾಗುತ್ತೆ. ನಮ್ಮ ಕಡೆ ಜೂನ್ ಜುಲೈನಲ್ಲಿ ಇನ್ನೊಂದು ಕಾಟ: ಕಾಗದ ಥಂಡಿ ಎಳೆದುಕೊಂಡು ಹಿಗ್ಗಿರುತ್ತೆ, ಮೆಷೀನಿನ ಬಿಸಿಗೆ ಮೊದಲ ಬದಿ ಮುಗಿಯುವಷ್ಟರಲ್ಲಿ ಕುಗ್ಗುತ್ತೆ, ಎರಡನೇ ಬದಿಯ ಅಳತೆ ಕೂರಲ್ಲ. ಬಂಡಲ್ ಹಿಂದಿನ ದಿನವೇ ಬಿಚ್ಚಿಡಬೇಡಿ ಅಂತ ಅಂಗಡಿಯವರಿಗೆ ಹೇಳಿ. ಮಿಕ್ಕ ಹಾಳೆಯನ್ನು ಅದೇ ಕವರಿನಲ್ಲಿ ಸುತ್ತಿ ಟೇಪ್ ಹಾಕಲಿ.