ಟನಲ್ ಸರಿಯಿದೆ, ಆಫೀಸಿನ ಸಬ್‌ನೆಟ್ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ಮನೆಯ ವಿಂಡೋಸ್ ಲ್ಯಾಪ್‌ಟಾಪಿನಿಂದ ಆಫೀಸಿನ ಓಪನ್‌ವಿಪಿಎನ್‌ಗೆ (ಇಂಟರ್‌ನೆಟ್ ಮೂಲಕ ಆಫೀಸ್ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ, ಅಂದರೆ ಟನಲ್, ಕೊಡುವ ಸಾಫ್ಟ್‌ವೇರ್) ಕನೆಕ್ಟ್ ಆಗುತ್ತೇನೆ. 10.8.0.1ಕ್ಕೆ, ಅಂದರೆ ಲಿನಕ್ಸ್ ಸರ್ವರ್‌ಗೆ, ಪಿಂಗ್ ಹೋಗುತ್ತದೆ. ಅದರ ಹಿಂದಿನ ಆಫೀಸ್ ಸಬ್‌ನೆಟ್ (ಒಂದೇ ಗುಂಪಿನ ಐಪಿ ವಿಳಾಸಗಳು) 192.168.1.0/24ರಲ್ಲಿರುವ ಫೈಲ್ ಸರ್ವರ್ (192.168.1.20) ಸಿಗುವುದೇ ಇಲ್ಲ. ಎಲ್ಲಿಂದ ಹುಡುಕಬೇಕು?

ಉತ್ತರ: 10.8.0.1 ಉತ್ತರಿಸುತ್ತಿದೆ ಎಂದಮೇಲೆ ಟನಲ್ ಚೆನ್ನಾಗಿಯೇ ಇದೆ. ಸರ್ಟಿಫಿಕೇಟ್, ಪಾಸ್‌ವರ್ಡ್ ಮುಟ್ಟಲು ಹೋಗಬೇಡಿ. ನಿಮ್ಮ ಮನೆ ರೂಟರ್ ಯಾವ ಐಪಿ ರೇಂಜ್ ಕೊಡುತ್ತದೆಂದು ನೀವು ಬರೆದಿಲ್ಲ, ಮೊದಲು ಅದನ್ನೇ ನೋಡಿ. ಅದೂ 192.168.1.0/24 ಆಗಿದ್ದರೆ ಲ್ಯಾಪ್‌ಟಾಪ್ 192.168.1.20 ಅನ್ನು ಮನೆಯೊಳಗೇ ಹುಡುಕುತ್ತಿರಬಹುದು. ಆಗ ಪ್ಯಾಕೆಟ್ ಟನಲ್ ಕಡೆ ತಿರುಗುವುದೇ ಇಲ್ಲ, ವಿಂಡೋಸ್ ಸಾಮಾನ್ಯವಾಗಿ ನಿಮ್ಮದೇ ಐಪಿಯಿಂದ 'ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್' ಎನ್ನುತ್ತದೆ. ಒಂದೇ ಮಷೀನ್ ಬೇಕಿದ್ದರೆ ಅದಕ್ಕೆ ಟನಲ್ ಮೂಲಕ /32 ರೂಟ್ (ಆ ಒಂದೇ ವಿಳಾಸದ ದಾರಿ) ಸೇರಿಸಿದರೆ ಸಾಕು, ಇಡೀ ಸಬ್‌ನೆಟ್‌ನ /24ಕ್ಕಿಂತ ಅದರದೇ ಮೇಲುಗೈ. ನಿಜವಾದ ಪರಿಹಾರ ಆಫೀಸಿನ ರೇಂಜನ್ನೇ 10.87.34.0/24ರಂಥ, ಮನೆ ರೂಟರ್‌ಗಳಲ್ಲಿ ಅಪರೂಪದ ಸಂಖ್ಯೆಗೆ ಬದಲಿಸುವುದು. ದೊಡ್ಡ ಕೆಲಸ ನಿಜ, ಆದರೂ ಮಾಡಿಸಿ.

ರೇಂಜ್ ಬೇರೆಯಿದ್ದರೆ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ರೂಟ್ ಪ್ರಿಂಟ್' ಕೊಟ್ಟು 192.168.1.0ರ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಸರ್ವರ್ ಕಾನ್ಫಿಗ್‌ನಲ್ಲಿ ಆ ಸಬ್‌ನೆಟ್‌ನ 'ಪುಶ್ ರೂಟ್' (ಲ್ಯಾಪ್‌ಟಾಪಿಗೆ ಆ ದಾರಿ ತಿಳಿಸುವ ಸಾಲು) ಬಿಟ್ಟುಹೋಗಿರಬಹುದು.

ಸಾಲು ಇದ್ದೂ ಸಿಗದಿದ್ದರೆ, ಪಿಂಗ್ ಓಡುತ್ತಿರುವಾಗಲೇ ಸರ್ವರ್‌ನಲ್ಲಿ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಾಕಿ: ಒಮ್ಮೆ ಟನಲ್ ಇಂಟರ್‌ಫೇಸ್ ಮೇಲೆ, ಒಮ್ಮೆ ಲ್ಯಾನ್ ಕಾರ್ಡ್ ಮೇಲೆ. ಟನಲ್‌ನಲ್ಲಿ ಕಂಡ ರಿಕ್ವೆಸ್ಟ್ ಲ್ಯಾನ್ ಕಡೆ ಕಾಣದಿದ್ದರೆ ಐಪಿ ಫಾರ್ವರ್ಡಿಂಗ್ (ಒಂದು ಇಂಟರ್‌ಫೇಸಿನಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವ ಸೆಟ್ಟಿಂಗ್) 0, ಅಂದರೆ ಆಫ್, ಇರಬಹುದು. ಅದನ್ನು 1 ಮಾಡಿ, ರೀಬೂಟ್ ಆದರೂ ಉಳಿಯುವಂತೆ ಸಿಸ್‌ಸಿಟಿಎಲ್ (ಲಿನಕ್ಸ್ ಕರ್ನಲ್ ಸೆಟ್ಟಿಂಗ್‌ಗಳ) ಫೈಲ್‌ನಲ್ಲೂ ಬರೆಯಿರಿ. ಅದು ಆಗಲೇ 1 ಇದ್ದರೆ ಫೈರ್‌ವಾಲ್‌ನ ಫಾರ್ವರ್ಡ್ ಚೈನ್ (ದಾಟಿಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ನೋಡಿ.

ಲ್ಯಾನ್ ಕಡೆ ರಿಕ್ವೆಸ್ಟ್ ಹೊರಟು ರಿಪ್ಲೈ ಮಾತ್ರ ಬರುತ್ತಿಲ್ಲವೇ? ಹೆಚ್ಚಿನವರು ದಿನಗಟ್ಟಲೆ ಒದ್ದಾಡುವುದು ಇಲ್ಲೇ. ಫೈಲ್ ಸರ್ವರ್‌ಗೆ 10.8.0.2ರಿಂದ (ಟನಲ್‌ನಲ್ಲಿ ನಿಮ್ಮ ಲ್ಯಾಪ್‌ಟಾಪಿನ ಐಪಿ ಎಂದಿಟ್ಟುಕೊಳ್ಳಿ) ಪ್ಯಾಕೆಟ್ ತಲುಪಿದೆ, ಆದರೆ 10.8.0.0/24 ಎಲ್ಲಿದೆಯೆಂದು ಅದಕ್ಕೆ ಗೊತ್ತಿಲ್ಲ. ಉತ್ತರವನ್ನು ತನ್ನ ಗೇಟ್‌ವೇ ಆದ ಆಫೀಸ್ ರೂಟರ್‌ಗೆ ಕೊಡುತ್ತದೆ. ರೂಟರ್‌ಗೂ ಗೊತ್ತಿಲ್ಲ, ಪ್ಯಾಕೆಟ್ ಅಲ್ಲೇ ಕಳೆದುಹೋಗುತ್ತದೆ. ವಿಪಿಎನ್ ಸರ್ವರಿನ ಲ್ಯಾನ್ ಐಪಿ 192.168.1.5 ಎಂದಿಟ್ಟುಕೊಳ್ಳಿ. ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಹಾಕಿ: ನೆಟ್‌ವರ್ಕ್ 10.8.0.0, ಮಾಸ್ಕ್ 255.255.255.0, ಗೇಟ್‌ವೇ 192.168.1.5. ರೂಟರ್ ನಿಮ್ಮ ಕೈಯಲ್ಲಿಲ್ಲದಿದ್ದರೆ ವಿಪಿಎನ್ ಸರ್ವರ್‌ನಲ್ಲೇ ಮಾಸ್ಕ್ವೆರೇಡ್ ಮಾಡಿ, ಅಂದರೆ ಪ್ಯಾಕೆಟ್‌ಗಳು ಸರ್ವರಿನದೇ ಐಪಿಯಿಂದ ಹೊರಡುವಂತೆ ಮಾಡಿ. ಆಗ ಫೈಲ್ ಸರ್ವರಿನ ಲಾಗ್‌ನಲ್ಲಿ ಎಲ್ಲರೂ 192.168.1.5 ಎಂದೇ ಕಾಣುತ್ತಾರೆ, ಯಾರು ಏನು ತೆರೆದರೆಂದು ಐಪಿಯಿಂದ ತಿಳಿಯದು. ಹಾಗಾಗಿ ಸ್ಟ್ಯಾಟಿಕ್ ರೂಟೇ ಮೇಲು.

ಫೈಲ್ ಸರ್ವರ್ ವಿಂಡೋಸ್ ಆಗಿದ್ದರೆ ಅದರ ಫೈರ್‌ವಾಲನ್ನೂ ನೋಡಿ. ಪಿಂಗ್, ಫೈಲ್ ಶೇರಿಂಗ್ ರೂಲ್‌ಗಳು ಪ್ರೈವೇಟ್ ಪ್ರೊಫೈಲ್‌ನಲ್ಲಿ 'ಲೋಕಲ್ ಸಬ್‌ನೆಟ್'ಗೆ ಸೀಮಿತವಾಗಿರುತ್ತವೆ. ಅವುಗಳ ಸ್ಕೋಪ್‌ಗೆ 10.8.0.0/24 ಸೇರಿಸಿ.

ಪ್ರಶ್ನೆ: ವೈರ್‌ಗಾರ್ಡ್ (ಇನ್ನೊಂದು ವಿಪಿಎನ್) ಸರ್ವರ್‌ನಲ್ಲಿ ಎರಡನೇ ಪಿಯರ್ (ಟನಲ್‌ಗೆ ಸೇರುವ ಮಷೀನ್) ಸೇರಿಸಿದ ಕೂಡಲೇ ಮೊದಲನೆಯದು ನಿಂತುಹೋಯಿತು. ಏಕೆ?

ಉತ್ತರ: ಎರಡಕ್ಕೂ 'ಅಲೋಡ್ ಐಪೀಸ್' ಒಂದೇ ಬರೆದಿದ್ದೀರಿ ಅನಿಸುತ್ತದೆ. ಅದು ಹೊರಹೋಗುವ ಪ್ಯಾಕೆಟ್‌ಗೆ ರೂಟ್, ಒಳಬರುವುದಕ್ಕೆ ಅನುಮತಿ ಪಟ್ಟಿ. ಒಂದೇ ವಿಳಾಸ ಎರಡು ಪಿಯರ್‌ಗಳಲ್ಲಿ ಇರಲಾಗದು, ಕೊನೆಗೆ ಸೇರಿಸಿದ ಪಿಯರ್ ಅದನ್ನು ಕಿತ್ತುಕೊಳ್ಳುತ್ತದೆ. ಸರ್ವರ್ ಕಡೆ ಪ್ರತಿ ಪಿಯರ್‌ಗೆ ಅದರದೇ /32 ಕೊಡಿ. ಅದರ ಹಿಂದೆ ಲ್ಯಾನ್ ಇದ್ದರೆ ಆ ಸಬ್‌ನೆಟ್ಟನ್ನೂ ಸೇರಿಸಿ.

ಪ್ರಶ್ನೆ: ಪಿಂಗ್ ಸರಿ, ಲಾಗಿನ್ ಸರಿ, ದೊಡ್ಡ ಫೈಲ್ ಕಾಪಿ ಮಾತ್ರ ನಡುವೆ ನಿಲ್ಲುತ್ತದೆ. ಇದೂ ರೂಟಿಂಗ್ ದೋಷವೇ?

ಉತ್ತರ: ಅಲ್ಲ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಮಸ್ಯೆ ಇರಬೇಕು. ಪ್ಯಾಕೆಟ್ ತುಂಡಾಗದಂತೆ ನಿರ್ಬಂಧಿಸಿ 1392 ಬೈಟ್‌ನ ಪಿಂಗ್ ಕಳಿಸಿ. ಹೋಗದಿದ್ದರೆ ಹೋಗುವವರೆಗೆ ಇಳಿಸುತ್ತ ಬನ್ನಿ. ಸಿಕ್ಕ ಸಂಖ್ಯೆಗೆ ಹೆಡರಿನ 28 ಕೂಡಿಸಿ ಟನಲ್ ಇಂಟರ್‌ಫೇಸಿನ ಎಂಟಿಯು ಆಗಿ ಇಡಿ.