ರಾತ್ರಿ ಮನೆಗೆ ಮರಳಲೇಬೇಕಾದವರು ಶಿರಸಿಯಿಂದ ಎಲ್ಲಿಗೆ ಹೋಗಬಹುದು?

ಅಮ್ಮನನ್ನು ಬಿಟ್ಟು ರಾತ್ರಿ ಹೊರಗುಳಿಯಲಾಗದು, ಆದರೂ ತಿರುಗುವ ಆಸೆ ಕಾಡುತ್ತದೆ ಅಂದಿದ್ದೀರಿ. ನಿಮಗೆ ತಪ್ಪಿಹೋಗಿರುವುದು ದೂರದ ಊರಲ್ಲ, ಕೆಲಸವಿಲ್ಲದೆ ಸುಮ್ಮನೆ ಹೊರಡುವುದು ಅನಿಸುತ್ತದೆ. ಖಚಿತವಾಗಿ ಹೇಳಲಾರೆ, ಆದರೆ ಪೇಟೆ, ಆಸ್ಪತ್ರೆ, ಸೊಸೈಟಿ ಅಂತ ಓಡಾಡಿಯೇ ನನಗೂ ಹೀಗಾಗಿತ್ತು.

ಮೊದಲು, ಅಮ್ಮನ ಜೊತೆ ಸಂಜೆಯವರೆಗೆ ಯಾರಾದರೂ ಇರುವ ಒಂದು ದಿನ ಗೊತ್ತುಮಾಡಿ. ಅದಾಗದೆ ಹೊರಟರೆ ಮನಸ್ಸೆಲ್ಲ ಮನೆಯಲ್ಲೇ ಇರುತ್ತದೆ. ಬೈಕ್ ಬಿಟ್ಟು ಬಸ್ಸಿಗೆ ಹೋಗಿ, ಕಿಟಕಿ ಪಕ್ಕ ಕೂತರೇ ಪ್ರಯಾಣ ಅನಿಸುವುದು. ಮೊದಲ ಸಲ ಬನವಾಸಿ. ಇಳಿದ ಕೂಡಲೇ ವಾಪಸ್ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ. ಮಧುಕೇಶ್ವರನ ಜೇನುಬಣ್ಣದ ಲಿಂಗ ನೋಡಿ, ವರದೆಯ ದಂಡೆಯಲ್ಲಿ ಅರ್ಧ ತಾಸು ಕೂತುಬಿಡಿ. ಫೋನ್ ಚೀಲದಲ್ಲೇ ಇರಲಿ, ಆದರೆ ರಿಂಗ್ ಕೇಳುವಂತಿರಲಿ.

ಆಮೇಲೆ ಸಹಸ್ರಲಿಂಗ, ಶಾಲ್ಮಲೆ ಹೊಳೆಯ ಬಂಡೆಗಳಲ್ಲಿ ಲಿಂಗ, ನಂದಿಗಳನ್ನು ಕೆತ್ತಿರುವ ಜಾಗ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಶಾಲ್ಮಲೆ ತುಂಬಿದರೆ ಲಿಂಗಗಳು ಮುಳುಗುತ್ತವೆ, ಬಂಡೆ ಜಾರುತ್ತದೆ. ನೀರಿಳಿದಾಗ ಬಂಡೆಯ ಮೇಲೆ ಕೂತರೆ, ಹೊಳೆ ತಿಕ್ಕಿ ತಿಕ್ಕಿ ನುಣುಪಾದ ನಂದಿಯ ಬೆನ್ನು ಕೈಗೇ ಸಿಗುತ್ತದೆ. ಮಳೆಗಾಲಕ್ಕೆ ಸೋಂದಾ ಹತ್ತಿರದ ಮುಂಡಿಗೆಕೆರೆಗೆ ಹೋಗಿ, ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು.